ಅತ್ತೆಯ ಹೆಸರಿನಲ್ಲಿ ಬಂದ ಗಾದಿ

ನಾಯಿಗೊಂದು ಗಾದಿ ಬೇಕು ಎಂದು ಅಂಗಡಿಯಲ್ಲಿ ನಾಲ್ಕು ಜನರೆದುರು ಹೇಳುವುದು ನಮ್ಮ ಕಡೆ ಅಂದುಕೊಂಡಷ್ಟು ಸುಲಭವಲ್ಲ. ನಾನು ಪ್ರಯತ್ನ ಮಾಡಿದ್ದೇನೆ. ಬಾಯಿ ತೆರೆಯಿತು, ಬಂದದ್ದು ಬೇರೆಯದೇ ಮಾತು.

ಮೋತ್ಯಾ ನಮ್ಮೂರು ಉಗಾರ ಬುದ್ರುಕದ ಕಬ್ಬಿನ ಹೊಲದಲ್ಲಿ ಹಂದಿ ಓಡಿಸುತ್ತ ಮುದುಕನಾದ ನಾಯಿ. ಇಷ್ಟು ವರ್ಷ ಕಬ್ಬಿನ ಒಣಗರಿಯ ರವದಿಯ ಮೇಲೋ, ಟ್ರ್ಯಾಕ್ಟರಿನ ಕೆಳಗೋ, ಬಾಗಿಲ ಮುಂದಿನ ಕಲ್ಲಿನ ಮೇಲೋ ಮಲಗಿ ಸುಖವಾಗಿದ್ದ. ಈ ಚಳಿಗಾಲದಲ್ಲಿ ಹಿಂಗಾಲು ಸೋತವು. ಏಳಲು ಹೋದರೆ ಮುಂಭಾಗ ಏಳುತ್ತದೆ, ಹಿಂಭಾಗ ಕೂತೇ ಇರುತ್ತದೆ. ಆಗ ಅವನು, ತನಗೆ ಏಳುವ ಇರಾದೆಯೇ ಇರಲಿಲ್ಲ ಎಂಬಂತೆ ಬೀದಿಯ ಕಡೆ ನೋಡುತ್ತಾನೆ. ದನದ ಡಾಕ್ಟರು ಬಂದು, ಕೀಲು ಸವೆದಿವೆ, ತಣ್ಣನೆಯ ನೆಲದ ಮೇಲೆ ಬಿಡಬೇಡಿ, ಒಳ್ಳೆಯ ಹಾಸಿಗೆ ಮಾಡಿ ಎಂದರು.

ಹಾಸಿಗೆಯ ವಿಷಯದಲ್ಲಿ ನಮ್ಮ ಹಿರಿಯರ ಸಹಾಯ ಅಷ್ಟಕ್ಕಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು. ಕಾಲೇ ಮಾತು ಕೇಳದಿದ್ದರೆ ಏನು ಮಾಡಬೇಕೆಂದು ಹೇಳಲಿಲ್ಲ. ನಾಯಿಯನ್ನು ಸಿಂಹಾಸನದ ಮೇಲೆ ಕೂರಿಸಿದರೆ ಏನಾಗುತ್ತದೆಂದು ಬಹಳ ಯೋಚಿಸಿದವರು, ಗಾದಿಯ ಮೇಲೆ ಮಲಗಿಸಿದರೆ ಏನಾದೀತೆಂದು ಯೋಚಿಸಿದಂತಿಲ್ಲ. ಹೀಗಾಗಿ ನಾನೇ ಅಥಣಿಗೆ ಹೋದೆ.

ಗಾದಿ ಅಂಗಡಿ ತುಂಬ ಮದುವೆ ಮನೆಯವರು. "ಯಾರ ಸಲುವಾಗಿ ಬೇಕ್ರಿ ಅಕ್ಕಾರ?" ಎಂದರು ಅಂಗಡಿಯವರು.

"ವಯಸ್ಸಾಗೇತ್ರಿ. ಕೀಲು ಹಿಡದಾವು, ಏಳಾಕ ಬರವಲ್ದು," ಎಂದೆ.

"ನಿಮ್ಮ ಅತ್ತಿಯಾರಿಗೇನ್ರಿ?"

ನಾನು ತಲೆಯಾಡಿಸಿಬಿಟ್ಟೆ. ಅವರು ಕಾಳಜಿಯ ಮನುಷ್ಯ. ತೂಕವೆಷ್ಟು ಎಂದು ಕೇಳಿದರು. ಗಾದಿಯ ಲೆಕ್ಕ ತಪ್ಪಬಾರದೆಂದು ಅಷ್ಟು ಮಾತ್ರ ನಿಜ ಹೇಳಿದೆ, ಇಪ್ಪತ್ತೆಂಟು ಕಿಲೋ. ಅವರ ಮುಖ ಬಾಡಿತು. "ಅಯ್ಯ, ಭಾಳ ಸೊರಗ್ಯಾರಲ್ರಿ ಪಾಪ," ಎಂದು ಅಂಗಡಿಯಲ್ಲೇ ಅತಿ ಮೆತ್ತಗಿನದನ್ನು ತೆಗೆಸಿದರು. ನಾನು ಕೈಯಿಂದ ಒತ್ತಿ ನೋಡಿ ಒಪ್ಪಿಕೊಂಡೆ.

ಗಾದಿ ಊರಿಗೆ ಬಂದದ್ದು ಅಥಣಿ ಕಡೆಯ ಹೊಲದಿಂದ ನಮ್ಮ ಕಡೆಯ ಕಾರ್ಖಾನೆಗೆ ಹೊರಟಿದ್ದ ಪಕ್ಕದ ಮನೆಯವರ ಕಬ್ಬಿನ ಲೋಡಿನ ಮೇಲೆ. ದಾರಿಯುದ್ದಕ್ಕೂ ಜನ ಅದನ್ನು ನೋಡಿದರು, ಯಾರಿಗೆಂದು ಕೇಳಿದರು, ಡ್ರೈವರನು ಗಾದಿ ಹೇರುವಾಗ ಅಂಗಡಿಯಲ್ಲಿ ಕೇಳಿದ್ದನ್ನೇ ಹೇಳಿದನು. ನಮ್ಮಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಬಾಳೆಹಣ್ಣು, ಬಿಸ್ಕೀಟು ತೆಗೆದುಕೊಂಡು ಹೋಗಿ ಮಾತಾಡಿಸಿ ಬರುವುದು ರೂಢಿ. ಮರುದಿನ ಭೋಜ ಊರಿನಿಂದ ಅತ್ತೆಯ ತಂಗಿ ಬಾಗಿಲಲ್ಲೇ ಅಳುತ್ತ ಒಳಬಂದಾಗ, ಅತ್ತೆ ಮಾಳಿಗೆಯ ಮೇಲೆ ಶೇಂಗಾ ಒಣಹಾಕುತ್ತಿದ್ದರು.

ತಾವು ಹಾಸಿಗೆ ಹಿಡಿದ ಸುದ್ದಿಯನ್ನು ಅತ್ತೆ ಸಹಿಸಿಕೊಂಡರು. ಬಂದವರೆಲ್ಲ "ಸೊಸಿ ಅಂದ್ರ ಹಿಂಗಿರಬೇಕು" ಎಂದು ನನ್ನನ್ನು ಹೊಗಳಿದ್ದನ್ನು ಮಾತ್ರ ಸಹಿಸಲಿಲ್ಲ. ಸಂಜೆ ನನ್ನನ್ನು ಕರೆದು ವಿಚಾರಿಸಿದರು. ನಾನು ನಿಜ ಹೇಳಿದೆ.

ಅತ್ತೆ ನೆಟ್ಟಗೆ ಹೋಗಿ ಗಾದಿಯ ಮೇಲೆ ಮಲಗಿದರು. ಆಮೇಲೆ ಏಳಲು ನೋಡಿದರು. ಮೊಣಕೈ ಊರಿದಲ್ಲಿ ಗಾದಿ ಕುಸಿಯಿತು. ಇನ್ನೊಮ್ಮೆ ಊರಿದರು, ಇನ್ನಷ್ಟು ಕುಸಿಯಿತು. ನಾನು ಕೈ ಕೊಡಲು ಹೋದರೆ ತಳ್ಳಿಬಿಟ್ಟು ಗೋಡೆ ಹಿಡಿದು ಎದ್ದರು.

"ಅಲ್ಲ ಬೇ, ಮಲಗಾಕ ಯಾರಿಗಿ ಬರೂದಿಲ್ಲ? ಏಳಾಕ ಬರ್ತೈತೇನು, ಅದನ್ನ ನೋಡಬೇಕಿಲ್ಲೋ? ನೀ ಬರೇ ಕೈಲೆ ಒತ್ತಿ ನೋಡಿರ್ತಿ!"

ದಿನಾ ಬೆಳಿಗ್ಗೆ ಅತ್ತೆ ಮಂಚದ ಪಕ್ಕದ ಕಂಬ ಹಿಡಿದು ಏಳುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ. ಕಂಬದ ಮೇಲೆ ಅವರಿಗೆ ಪ್ರೀತಿ ಎಂದುಕೊಂಡಿದ್ದೆ.

ಅವರೇ ನಿಂತು ಗಾದಿಯ ಹೊಲಿಗೆ ಬಿಚ್ಚಿಸಿದರು, ಒಳಗಿನ ಸ್ಪಂಜನ್ನು ಅರ್ಧ ತೆಗೆಸಿ ಹಳೆಯ ಗಟ್ಟಿ ಅರಳೆ ತುಂಬಿಸಿದರು, ಕೆಳಗೆ ಹಲಗೆ ಹಾಕಿಸಿದರು. ಏಳುವಾಗ ಮೋತ್ಯಾನ ಹಿಂಗಾಲಿಗೆ ಆಸರೆಯಾಗಿ ಗೋಡೆ ಬೇಕೆಂದು ಮೂಲೆ ಹುಡುಕಿದರು. ನಾಯಿ ಹೊಸ್ತಿಲು ದಾಟಬಾರದೆಂದು ಈ ಮನೆಯಲ್ಲಿ ಕಾನೂನು ಮಾಡಿದವರು ಅವರೇ. ಅವರಿಗೆ ಸರಿಕಂಡ ಗೋಡೆ ಪಡಸಾಲೆಯಲ್ಲಿ, ಅವರ ಮಂಚದ ಪಕ್ಕದಲ್ಲಿತ್ತು. ನಾನು ಗಾದಿಯನ್ನು ಅಲ್ಲಿಗೆ ಎಳೆದೆ.

ಮಾತಾಡಿಸುವವರು ಬರುವುದು ನಿಲ್ಲಲಿಲ್ಲ. ಓಣಿಯ ಹಿರಿಯರೊಬ್ಬರು ಬಿಸ್ಕೀಟು ಹಿಡಿದು ಬಂದಾಗ ಅತ್ತೆ ಮೂಲೆಯ ಕಡೆ ಕೈ ತೋರಿಸಿದರು. "ಜಡ್ಡ ಆಗಿದ್ದು ಅಂವಗ್ರಿ. ಮಾತಾಡ್ಸ್ರಿ."

ಹಿರಿಯರು ಕೈಯಲ್ಲಿದ್ದ ಬಿಸ್ಕೀಟನ್ನು ನೋಡಿಕೊಂಡರು. ತಂದದ್ದನ್ನು ವಾಪಸು ಒಯ್ಯುವ ರೂಢಿ ನಮ್ಮಲ್ಲಿಲ್ಲ. ಮೂಲೆಯಲ್ಲಿ ಕೂತು, "ಹೆಂಗ ಅದೀಪಾ ಮೋತ್ಯಾ? ಗುಳಿಗಿ ತಗೊಳ್ತೀಯಿಲ್ಲೋ?" ಎಂದರು. ಮೋತ್ಯಾ ಮುಂಗಾಲು ಊರಿದ. ಹಿಂಭಾಗವನ್ನು ಗೋಡೆಗೆ ಒತ್ತಿದ. ನಡುಗುತ್ತ ನಡುಗುತ್ತ ಪೂರ್ತಿ ಎದ್ದು ನಿಂತು ಬಿಸ್ಕೀಟು ತೆಗೆದುಕೊಂಡ. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅತ್ತೆ ಎಂದೂ ಇಲ್ಲದಂತೆ ಬೀದಿಯ ಕಡೆ ನೋಡುತ್ತಿದ್ದರು.

ಈಗ ನಾನು ಮತ್ತೊಮ್ಮೆ ಅಥಣಿಗೆ ಹೊರಟಿದ್ದೇನೆ. ಅಂಥದೇ ಗಟ್ಟಿ ಅರಳೆಯ ಇನ್ನೊಂದು ಗಾದಿ ಬೇಕಾಗಿದೆ, ಅಳತೆ ಮಂಚದ್ದು. ಯಾರ ಸಲುವಾಗಿ ಎಂದು ಕೇಳಿದರೆ ಈ ಸಲ ನಾನು ನಿಜವನ್ನೇ ಹೇಳಬಹುದಿತ್ತು. ಆದರೆ ನಾಯಿಗೆಂದು ಹೇಳಬೇಕು ಎಂದು ಅತ್ತೆ ತಾಕೀತು ಮಾಡಿದ್ದಾರೆ.