ಅಪ್ಪನಿಗೂ ದೊಡ್ಡಪ್ಪನಿಗೂ ಅಂಟಿದ ಕಾಯಿಲೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಆಚೆ ಅಣ್ಣ ಕೂತಿದ್ದ, ಈಚೆ ನಾನು. ಲಕ್ವ ಹೊಡೆದು ಅಮ್ಮನ ಮಾತು ನಿಂತು ಮೂರು ದಿನವಾಗಿದೆ. ಕಾಫಿ ತೋಟ ಪಾಲಾದಾಗ ಮಾತು ಬಿಟ್ಟ ನಾವಿಬ್ಬರು ನಾಲ್ಕು ವರ್ಷದಿಂದ ಮಾತಾಡಿರಲಿಲ್ಲ.

ನನ್ನ ಐದು ವರ್ಷದ ಮಗಳು ನಮ್ಮಿಬ್ಬರನ್ನೂ ನೋಡಿ ನರ್ಸನ್ನು ಕೇಳಿದಳು: "ಆಂಟಿ, ಅಜ್ಜಿ ಕಾಯ್ಲೆ ಅಪ್ಪಂಗೂ ದೊಡ್ಡಪ್ಪಂಗೂ ಅಂಟ್ಕೊಂಡಿದ್ಯಾ? ಇವ್ರಿಗೂ ಮಾತು ಬರ್ತಿಲ್ಲ."

ಅಮ್ಮನ ಕಣ್ಣಿಂದ ನೀರಿಳಿಯಿತು. ನನಗೆ ತಲೆ ಎತ್ತಲಾಗಲಿಲ್ಲ.

ಅಣ್ಣನೇ ಎದ್ದ. "ಬಾರೋ ಮಾರಾಯ, ಕಾಫಿ ಕುಡ್ಕೊಂಡ್ ಬರೋಣ" ಎಂದ.

ಕ್ಯಾಂಟೀನಿನಲ್ಲಿ ಒಂದು ಗುಟುಕು ಕುಡಿದು, "ಬರೀ ಚಿಕೋರಿ" ಎಂದೆ.

"ಹೌದು ಕಣೋ" ಎಂದ.

ನಾಲ್ಕು ವರ್ಷದಲ್ಲಿ ನಾವಿಬ್ಬರೂ ಒಪ್ಪಿದ ಮೊದಲ ವಿಷಯ ಅದು.