ಸಕ್ಕರೆ ಡಬ್ಬಿ ಇಳಿಸಿದ ಗೇಣಣ್ಣ

ಬೆಳಗಿನ ಐದೂವರೆ. ಹಾಲಿನವನ ಸೈಕಲ್ ಕೂಡ ಇನ್ನೂ ಬಂದಿಲ್ಲ. ಗೇಣಣ್ಣ ಆಗಲೇ ಯಾರದೋ ಅಡುಗೆಮನೆಯ ಬಾಗಿಲಲ್ಲಿ ನಿಂತು, ಜರಡಿ ಹಿಡಿದು ನೆಲದ ತುಂಬ ಹುಳ ಬಿದ್ದ ಹಿಟ್ಟು ಉದುರಿಸುತ್ತಿದ್ದಾರೆ.

"ಅಯ್ಯೋ ಅಣ್ಣಾ, ರಾತ್ರಿ ತಾನೇ ಒರೆಸಿದ್ದೆ!" ಮನೆಯ ಸೊಸೆ ತಲೆ ಚಚ್ಚಿಕೊಳ್ಳುತ್ತಾರೆ.

"ನಾನೇ ಒರೆಸಿ ಹೋಗ್ತೀನಿ ತಾಯಿ. ಈಗ ದಿನಾ ಮಾಡೋ ಹಾಗೆ ಒಂದು ಟೀ ಮಾಡಿ."

ಆ ಅಡುಗೆಮನೆ ಎಷ್ಟು ಚಿಕ್ಕದೆಂದರೆ ಒಳಗೆ ಹೋದ ಬೆಕ್ಕು ತಿರುಗಲು ಜಾಗವಿಲ್ಲದೆ ಹಿಂದೆ ಹಿಂದೆಯೇ ನಡೆದು ಹೊರಗೆ ಬರುತ್ತದೆ. ಒಲೆ ಒಂದು ಮೂಲೆ, ಟೀಪುಡಿ ಇನ್ನೊಂದು ಮೂಲೆ, ಲೋಟ ಬಾಗಿಲ ಹಿಂದೆ, ಸಕ್ಕರೆ ಅಟ್ಟದ ಮೇಲೆ. ಟೀ ಆಗುವಷ್ಟರಲ್ಲಿ ಹಿಟ್ಟಿನ ಮೇಲೆ ಎಮ್ಮೆ ಹಿಂಡು ಹಾದುಹೋದ ಹಾಗೆ ಹೆಜ್ಜೆಗಳು. ಗೇಣಣ್ಣ ಕುಕ್ಕರಗಾಲಲ್ಲಿ ಕೂತು ಎಣಿಸುತ್ತಾರೆ. ಮೂವತ್ತೆಂಟು!

"ಇದು ಟೀ ಮಾಡಿದ್ದಲ್ಲ ತಾಯಿ, ಪಕ್ಕದೂರಿಗೆ ಹೋಗಿಬಂದಿದ್ದು."

ಹೊಸಿಲ ಮೇಲೆ ಕೂತಿರುವ ಅಜ್ಜಿ ಬೊಚ್ಚುಬಾಯಿ ತೆರೆದು ನಗುತ್ತಾರೆ. "ನನ್ನ ಮಂಡಿ ಸುಮ್ನೆ ಸವೆದಿದ್ಯಾ? ಈಗ ನಂಬ್ತೀಯೇನೇ?"

ಅಜ್ಜಿಗೆ ಈ ಹೊಸಿಲು ದಾಟಲು ಅಪ್ಪಣೆಯಿಲ್ಲ. ಆರು ತಿಂಗಳ ಹಿಂದೆ ಸಕ್ಕರೆ ಡಬ್ಬಿಗೆಂದು ಸ್ಟೂಲ್ ಹತ್ತಿ ಬಿದ್ದರು, ಮಣಿಕಟ್ಟು ಮುರಿಯಿತು. ಅಂದಿನಿಂದ ಹೊಸಿಲ ಮೇಲೆ ಕೂತು ಬಾಯಲ್ಲೇ ಅಡುಗೆ ಮಾಡುತ್ತಾರೆ. ಕಾಟ ತಾಳಲಾರದೆ ಸೊಸೆ ಒಂದು ಷರತ್ತು ಹಾಕಿದ್ದಾರೆ. "ಅತ್ತೆ, ಸ್ಟೂಲ್ ಹತ್ತದೆ, ಯಾರನ್ನೂ ಕರೀದೆ ಒಂದು ಟೀ ಮಾಡಿ ತೋರಿಸಿ. ಆಮೇಲೆ ಒಲೆ ನಿಮ್ಮದು." ಅಜ್ಜಿ ಅಂದೇ ಗೇಣಣ್ಣನಿಗೆ ಹೇಳಿಕಳಿಸಿದರು.

ಗೇಣಣ್ಣ ಇಪ್ಪತ್ತೆರಡು ವರ್ಷ ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಬಡಗಿಯಾಗಿದ್ದವರು. "ಐವತ್ತು ಜನ, ಅವರ ಗಂಟುಮೂಟೆ, ಮೇಲೆ ಎರಡು ಕೋಳಿ. ಅಷ್ಟನ್ನೂ ಒಂದು ಡಬ್ಬದಲ್ಲಿ ಕೂರಿಸಿದವನಿಗೆ ನಾಲ್ಕು ಪಾತ್ರೆ ಯಾವ ಲೆಕ್ಕ?" ಎನ್ನುತ್ತಾರೆ. ಶೆಡ್ಡು ಮುಚ್ಚಿದ ಮೇಲೆ, ಅಡುಗೆಮನೆಗಳನ್ನು ಕೈಗೆಟುಕುವ ಹಾಗೆ ಜೋಡಿಸಿಕೊಡುತ್ತೇನೆಂದು ಗರಗಸದ ಚೀಲ ಹೆಗಲಿಗೆ ಹಾಕಿ ಬೀದಿಗಿಳಿದರು. ಒಂದು ವರ್ಷ ಯಾರೂ ಕರೆಯಲಿಲ್ಲ. ಈಗ ವಾರಕ್ಕೆರಡು ಅಡುಗೆಮನೆ. ಇದು ಮುನ್ನೂರ ಹನ್ನೊಂದನೆಯದು. ಹೊಸ ಹಲಗೆ ಕೊಳ್ಳುವ ಮಾತೇ ಇಲ್ಲ. ಮುರಿದ ಮಂಚ, ಒಡೆದ ಬೀರು, ಕಿಟಕಿಯ ರೆಕ್ಕೆ, ಆಯಾ ಮನೆಯಲ್ಲೇ ಬಿದ್ದಿರುವುದು ಸಾಕು.

ಮೊದಲ ಕೆಲಸ ಮಾತ್ರ ಕೆಟ್ಟಿತು. ಅದು ಅವರದೇ ಮನೆಯದು. ತಮ್ಮ ಗೇಣಿನಲ್ಲೇ ಅಳೆದು ಗೂಡು ಹೊಡೆದರು. ಗೇಣಣ್ಣನೋ ತೆಂಗಿನಮರದಂಥ ಆಸಾಮಿ, ಹೆಂಡತಿ ಅವರ ಎದೆಮಟ್ಟ. "ಹದಿನಾಲ್ಕು ವರ್ಷದಿಂದ ಉಪ್ಪಿಗೆ ಹಾರ್ತಾ ಇದೀನಿ," ಎನ್ನುತ್ತಾರೆ ಆಕೆ. "ಎತ್ತರ ಜಿಗಿತಕ್ಕೆ ಕಳಿಸಿದ್ರೆ ಪದಕ ತರ್ತಿದ್ದೆ." ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ, ಊರಿಗೆಲ್ಲ ಗೊತ್ತಿರುವ ಕತೆ. ಅಂದಿನಿಂದ ಗೇಣಣ್ಣ ಅಳೆಯುವುದು ಅಡುಗೆ ಮಾಡುವವರ ಗೇಣಿನಲ್ಲಿ.

ಅಜ್ಜಿಯ ಕೈಯನ್ನೇ ಹೊಸಿಲ ಪಕ್ಕದ ಗೋಡೆಗೆ ಒತ್ತಿಸಿ, ಗೇಣು ಗೇಣಿಗೂ ಸೀಮೆಸುಣ್ಣದ ಗೀಟು ಎಳೆಯುತ್ತಾರೆ. "ದಿನಾ ಬೇಕಾದ್ದು ಕೈಗೆ, ವಾರಕ್ಕೊಮ್ಮೆ ಬೇಕಾದ್ದು ಕಣ್ಣಿಗೆ. ವರ್ಷಕ್ಕೊಮ್ಮೆ ಇಳಿಯೋ ಹಂಡೆ ಅಟ್ಟಕ್ಕೆ ಹೋಗ್ಲಿ ಅಜ್ಜೀ."

ಮೂರು ದಿನ ಗರಗಸದ ಸದ್ದು. ಬೀರುವಿನ ಡ್ರಾಯರ್‌ಗೆ ಚಕ್ರ ಬಂದು ಕಟ್ಟೆಯ ಕೆಳಗೆ ಸೇರುತ್ತದೆ. ಮಂಚದ ಪಟ್ಟಿಗಳು ಬಾಗಿಲ ಹಿಂದೆ ನಿಂತು ಮುಚ್ಚಳಗಳನ್ನು ಹಿಡಿಯುತ್ತವೆ. ಟೀಪುಡಿ, ಲೋಟ ಒಲೆಯ ಪಕ್ಕಕ್ಕೆ. ಕೊನೆಗೊಂದು ಹಲಗೆ ಕಡಿಮೆ ಬೀಳುತ್ತದೆ. ಗೇಣಣ್ಣ ಸುತ್ತ ನೋಡಿ, ಅಜ್ಜಿಯನ್ನು ಬೀಳಿಸಿದ ಸ್ಟೂಲನ್ನೇ ಎಳೆದು ಗರಗಸ ಇಡುತ್ತಾರೆ.

"ಕೊಯ್ಯಪ್ಪ, ಚೆನ್ನಾಗಿ ಕೊಯ್ಯಿ!" ಅಜ್ಜಿಯ ಕೂಗಿಗೆ ಬೆಕ್ಕು ಮನೆ ಬಿಟ್ಟು ಓಡುತ್ತದೆ.

ನಾಲ್ಕನೆಯ ಬೆಳಗು ಮತ್ತೆ ನೆಲಕ್ಕೆ ಹಿಟ್ಟು. ಅಜ್ಜಿ ಸೆರಗು ಸಿಕ್ಕಿಸಿ ಹೊಸಿಲು ದಾಟುತ್ತಾರೆ. ಬಾಗಿಲಲ್ಲಿ ಸೊಸೆ ಉಸಿರು ಬಿಗಿಹಿಡಿದಿದ್ದಾರೆ. ನೀರು, ಪುಡಿ, ಹಾಲು. ಮುರಿದು ಕೂಡಿದ ಕೈ ಸಕ್ಕರೆಗೆ ಚಾಚುತ್ತದೆ. ಸ್ಟೂಲಿನ ಹಲಗೆಯ ಮೇಲೆ ಕೂತಿರುವ ಡಬ್ಬಿ, ಕರೆದ ಮಗುವಿನ ಹಾಗೆ ಕೈಗೆ ಬರುತ್ತದೆ.

ಗೇಣಣ್ಣ ಎಣಿಸುತ್ತಾರೆ. ಒಂಬತ್ತು ಹೆಜ್ಜೆ.

ಅಜ್ಜಿ ಲೋಟವನ್ನು ಸೊಸೆಯ ಕೈಗಿಡುತ್ತಾರೆ. "ಹೊಸಿಲ ಮೇಲೆ ಕೂತ್ಕೊಂಡು ಕುಡಿ. ಇವತ್ತು ನಿನಗೆ ಒಳಗೆ ಬರೋಕೆ ಅಪ್ಪಣೆ ಇಲ್ಲ."

ಸೊಸೆ ನಗುತ್ತಾ ಕೂರುತ್ತಾರೆ. ಎರಡನೆಯ ಲೋಟ ಗೇಣಣ್ಣನಿಗೆ, ಜೊತೆಗೊಂದು ಆಜ್ಞೆ. "ಇದು ಕುಡಿದು ಮನೆಗೆ ಹೋಗಿ ನಿನ್ನ ಹೆಂಡ್ತಿ ಉಪ್ಪು ಇಳ್ಸು."

"ಇವತ್ತೇ ಇಳಿಸ್ತೀನಿ ಅಜ್ಜೀ," ಎಂದು ನೆಲ ಒರೆಸಲು ಬಟ್ಟೆ ಹಿಡಿಯುತ್ತಾರೆ ಗೇಣಣ್ಣ. ಇದನ್ನೆಲ್ಲ ಬರೆದುಕೊಳ್ಳಲು ಬಂದ ನಾನು ಪೇಪರಿಗೆ ಒಂದು ಫೋಟೊ ಕೇಳಿದರೆ ತಲೆ ಅಲ್ಲಾಡಿಸುತ್ತಾರೆ.

"ನನ್ನ ಮುಖ ಯಾಕೆ ಸ್ವಾಮಿ? ಆ ಸಕ್ಕರೆ ಡಬ್ಬಿ ಎಷ್ಟು ಎತ್ತರದಲ್ಲಿದೆ ಅಂತ ಬರೀರಿ, ಸಾಕು."

ಆರು ಗೇಣು. ಅಜ್ಜಿಯ ಗೇಣು.