ಕೈ ಹಿಡಿಯದ ಪಾಠ

ನಮ್ಮ ಅನಸೂಯಾಬಾಯಿ ಅತ್ತೆ ಇಬ್ಬರು ಹುಡುಗಿಯರಿಗೆ ಓದು ಬರಹ ಕಲಿಸಿದಳು, ಒಬ್ಬರ ಕೈಯನ್ನೂ ಹಿಡಿದು ಬರೆಸಲಿಲ್ಲ. ದೇವದುರ್ಗಕ್ಕೆ ಮದುವೆಯಾಗಿ ಹೋದವಳು, ಇನ್ನೂ ಹುಡುಗಿಯಾಗಿರುವಾಗಲೇ ಗಂಡನನ್ನು ಕಳೆದುಕೊಂಡು ಮಾನ್ವಿಯ ತವರಿಗೆ ಮರಳಿದಳು. ಅವಳ ಅಣ್ಣ ಪ್ರಹ್ಲಾದಾಚಾರ್ಯರು, ಅಂದರೆ ನಮ್ಮಪ್ಪ, ಅವಳಿಗೆ ಅಡುಗೆಮನೆ ವಹಿಸಿದರು. ಬೆಳಗಿನಿಂದ ಮಲಗುವವರೆಗೆ ಮಡಿ. ದೇವರ ನೈವೇದ್ಯ ಮಾಡುವ ಕೈಯನ್ನು ಯಾರೂ ಮುಟ್ಟುವಂತಿಲ್ಲ, ಮುಟ್ಟಿದರೆ ಮತ್ತೆ ಸ್ನಾನ. ಮನೆ ತುಂಬ ಜನವಿದ್ದೂ ಅತ್ತೆ ಒಂಟಿ. ಅದು ನಮ್ಮ ಗಂಡಸರ ಕಣ್ಣಿಗೆ ಬೀಳಲಿಲ್ಲ, ಎಲೆಗೆ ಅನ್ನ ಮಾತ್ರ ಹೊತ್ತಿಗೆ ಸರಿಯಾಗಿ ಬೀಳುತ್ತಿತ್ತು.

ಸಾವಿರದ ಒಂಬೈನೂರ ನಲವತ್ತರ ಆಚೆಯ ಮಾತು, ಇನ್ನೂ ನಿಜಾಮರ ಕಾಲ. ಶಾಲೆಯಲ್ಲಿ ಎಲ್ಲ ಉರ್ದು, ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಅಡುಗೆ ಇಳಿಸಿ, ಅಪ್ಪನ ಪೂಜೆ ಮುಗಿಯಲೆಂದು ಕಾಯುವ ಹೊತ್ತಿನಲ್ಲಿ ಅತ್ತೆ ಹಿತ್ತಲಲ್ಲಿ ಮರಳು ಹರಡಿ ಅಕ್ಷರ ಬರೆಯುತ್ತಿದ್ದಳು. ಎದುರಿಗೆ ದೂರ ಕೂತವರು ನಾನು ಮತ್ತು ಪಕ್ಕದ ಬಳೆಗಾರ ಮೀರಾಹುಸೇನನ ಮಗಳು ಲತೀಫಾ. ಅವಳನ್ನು ಕಂಡು ಅಪ್ಪ ಗೊಣಗಿದರು.

"ಇಬ್ರೂ ನನ್ನ ಮುಟ್ಟಂಗಿಲ್ಲ. ಯಾರ ಮಗಳಾದ್ರೇನು?" ಅಂದಳು ಅತ್ತೆ. ಅಪ್ಪ ದೇವರ ಮನೆಯತ್ತ ನಡೆದರು.

ಬೇರೆ ಕಡೆ ಗುರುಗಳು ಮಗುವಿನ ಬೆರಳು ಹಿಡಿದು ತಿದ್ದಿಸುತ್ತಾರೆ. ನಮಗೆ ಆ ಭಾಗ್ಯವಿಲ್ಲ. ಅವಳು ಬರೆದದ್ದನ್ನು ಎದುರಿನಿಂದ ಕಂಡಂತೆಯೇ ಬರೆದೆವು. ಅಕ್ಷರಗಳೆಲ್ಲ ಬಂದವು, ಎಲ್ಲವೂ ತಲೆಕೆಳಗಾಗಿ! ಅತ್ತೆಗೆ ಗೊತ್ತಾಗಲೇ ಇಲ್ಲ, ಅವಳ ಕಡೆಯಿಂದ ನೋಡಿದರೆ ಎಲ್ಲ ಸರಿಯಾಗಿತ್ತು.

ಕಂಡುಹಿಡಿದವಳು ಲತೀಫಾ. ಅವರ ಮನೆಗೆ ಬಳೆಗಳು ಹುಬ್ಬಳ್ಳಿಯ ಹಳೆಯ ಪತ್ರಿಕೆಗಳಲ್ಲಿ ಸುತ್ತಿಕೊಂಡು ಬರುತ್ತಿದ್ದವು. ಒಂದು ದಿನ ಅಂಥ ಹಾಳೆಯೊಂದನ್ನು ಹಿಡಿದು ಓಡಿ ಬಂದಳು.

"ಅತ್ಯಾ, ನೀವು ಕಲಿಸಿದಂಗ ಹಿಡದ್ರ ಈ ಚಿತ್ರದಾಗಿನ ಮನಶ್ಯಾನ ಕಾಲು ಮ್ಯಾಲ ಆಗತಾವ್ರಿ! ನೀವ ತಪ್ಪು!"

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹೆಂಗ ಗೊತ್ತಾತು ನಿನಗ?"

"ನಾನ ಹುಡುಕಿದ್ನಿರಿ."

"ಹಂಗಾರ ಇನ್ನ ಮ್ಯಾಲ ನಾ ಏನೂ ಹೇಳಂಗಿಲ್ಲ. ನೀವ ಹುಡುಕ್ರಿ."

ಅಂದಿನಿಂದ ಅತ್ತೆ ಮಹಾ ಜಿಪುಣಿಯಾದಳು. ದಿನಕ್ಕೊಂದು ಪದ ಬರೆದು ಸುಮ್ಮನೆ ಕೂರುವಳು. ಆ ಪದವನ್ನು ನಾವು ಹಳೆಯ ಹಾಳೆಗಳಲ್ಲಿ ಹುಡುಕಬೇಕು, ಹಿಂದು ಮುಂದಿನದನ್ನು ಓದಿ ಅರ್ಥ ಹೇಳಬೇಕು. ನನಗೆ ಬೇಸರ. ಲತೀಫಾಗೆ ಮಾತ್ರ ಹುಚ್ಚು ಹಿಡಿಯಿತು. ಬರಬರುತ್ತ ಅತ್ತೆ ಪದ ಕೊಡುವುದೂ ಬೇಕಾಗಲಿಲ್ಲ, ಆ ಹುಡುಗಿಯೇ ಹೊಸ ಪದ ತಂದು ಅತ್ತೆಯನ್ನು ಪೇಚಿಗೆ ಸಿಕ್ಕಿಸುವಳು.

ಮುಂದೆ ಮೀರಾಹುಸೇನ ರಾಯಚೂರಿನಲ್ಲಿ ಅಂಗಡಿ ಹಿಡಿದ. ಅವರು ಹೊರಡುವ ದಿನ ಅತ್ತೆ ಬೇಗ ಅಡುಗೆ ಮುಗಿಸಿ, ಬಾವಿಯಿಂದ ಒಂದು ಕೊಡ ನೀರು ಸೇದಿ ಬಚ್ಚಲ ಕಲ್ಲಿನ ಬಳಿ ಇಟ್ಟಳು. ಯಾಕೆಂದು ಕೇಳಿದೆ.

"ಬಳಿ ಇಡೋವಾಗ ಈ ಕೈ ಬಳಿಗಾರ ಹಿಡದಿದ್ದ, ಒಡಿಯೋವಾಗ ಹಿರೇರು ಹಿಡದಿದ್ರು. ಆಮ್ಯಾಲ ಯಾರೂ ಹಿಡದಿಲ್ಲವ್ವಾ. ನೀ ಇಲ್ಲೇ ಇರ್ತಿ, ಆಕಿ ಹೊಂಟಾಳ. ಇವತ್ತ ಆಕಿ ಕೈ ಹಿಡದು ಒಂದಕ್ಷರ ಬರಸ್ತೀನಿ. ಆಮ್ಯಾಲ ಸ್ನಾನ ಮಾಡಿದ್ರಾತು."



ಲತೀಫಾ ಬಂದು ಎಂದಿನಂತೆ ನನ್ನ ಪಕ್ಕ, ಅತ್ತೆಯ ಎದುರಿಗೆ ಕೂತಳು. ಅತ್ತೆ ಮುಂದೆ ಬಾಗಿ, ಮರಳಿನ ಮೇಲೆ ಕೈ ಚಾಚಿದಳು. ಹುಡುಗಿ ಗಾಬರಿಯಾಗಿ ಹಿಂದೆ ಸರಿದಳು.

"ಬ್ಯಾಡ್ರಿ ಅತ್ಯಾ, ಮಡಿ ಕೆಡ್ತದ! ನನಗ ಬರತದ, ನಾನ ಬರೀತೀನಿ."

ಕಡ್ಡಿ ತೆಗೆದುಕೊಂಡು ಅತ್ತೆಯ ಹೆಸರು ಬರೆದಳು. ನಮ್ಮ ಕಡೆಯಿಂದ ಅಕ್ಷರಗಳೆಲ್ಲ ತಲೆಕೆಳಗು. ಅತ್ತೆಗೆ ನೆಟ್ಟಗೆ ಕಾಣಲೆಂದು ಬೇಕೆಂದೇ ಹಾಗೆ ಬರೆದಿದ್ದಳು, ಒಂದೂ ತಪ್ಪಿಲ್ಲದೆ. ದೂರದಿಂದಲೇ ಕೈಮುಗಿದು ಬಂಡಿಯತ್ತ ಓಡಿದಳು.

ಅತ್ತೆ ಆ ಹೆಸರನ್ನೇ ನೋಡುತ್ತಿದ್ದಳು. ಒಳಗೆ ಪೂಜೆಯ ಘಂಟೆ ಕೇಳಿಸಿತು. ಎದ್ದು ಹೋಗಿ, ಆ ಕೊಡದ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದಳು.

"ಅತ್ಯಾ, ಸ್ನಾನ?" ಅಂದೆ.

"ಯಾರ ಮುಟ್ಯಾರವ್ವಾ ನನ್ನ?" ಅಂದವಳೇ ಎಲೆ ಹಾಕಲು ಒಳಗೆ ಹೋದಳು.